ಕೈ ತೊಳೆದುಕೊಂಡು ಹಿಂದೆ ಬಿದ್ದವಳು

ಮಾರ್ಚ್ 3, ಸಂಜೆ

ಮತ್ತೆ 188. ಸೈಕಲ್ ಶಾಪಿನ ಕೆಲಸದಿಂದ ಬಂದವಳೇ ಗ್ರೀಸ್ ಹೋಗುವ ತನಕ ಕೈ ಉಜ್ಜಿ ತೊಳೆದು, ಬೇಕರಿಯಿಂದ ಆಗತಾನೇ ಬಂದ ಅಪ್ಪನ ಬೆರಳು ಚುಚ್ಚಿ ಶುಗರ್ ಮೀಟರಿನಲ್ಲಿ ನೋಡಿದೆ. ಡಾಕ್ಟರ್ ಹೇಳಿದ್ದು 'ಬಾರ್ಡರ್'. ಅನ್ನ ಕಡಿಮೆ, ಸಿಹಿ ಬಂದ್, ದಿನಾ ವಾಕಿಂಗ್. ಇಳಿಯದಿದ್ದರೆ ಮಾತ್ರೆ.

"ಬಾರ್ಡರ್ ಅಂದ್ರೆ ಇನ್ನೂ ದಾಟಿಲ್ಲ ಅಂತ ತಾನೆ?" ಅಪ್ಪ ನಕ್ಕರು.

ದಿನವಿಡೀ ಕೇಕಿಗೆ ಐಸಿಂಗ್ ಹಾಕುವ ಮನುಷ್ಯ. ನೆಕ್ಕದೆ ಇರುತ್ತಾರಾ?

ಮಾರ್ಚ್ 6

ವಾಕಿಂಗಿಗೆ ಹಿಂದೆಯೇ ಹೋದೆ, ಕಾಣದ ಹಾಗೆ. ಮೈದಾನ ಸುತ್ತಿದರು, ಬೆವರಿದರು. ಎಲ್ಲೂ ನಿಲ್ಲಲಿಲ್ಲ. ಪ್ಯಾಂಟೂ ಸಡಿಲ; ಬೆಲ್ಟಿಗೆ ಹೊಸ ತೂತು ಹೊಡೆದುಕೊಟ್ಟವಳು ನಾನೇ. ಆದರೂ ಮೀಟರ್ ಇಳಿಯುತ್ತಿಲ್ಲ. ಮೀಟರಿಗೇನು ಬಾಯಿಚಪಲವೇ?

ಮಾರ್ಚ್ 7

ಅಪ್ಪನ ಅಂಗಿಯ ತೋಳಿನ ಮೇಲೆ ಇರುವೆ! ಸಿಕ್ಕಿಬಿದ್ದರು.

"ಕದ್ದು ತಿಂತಿದೀರ."

"ಇಲ್ಲ ಕಣೆ."

"ಇರುವೆ ಸುಳ್ಳು ಹೇಳುತ್ತಾ?"

ಅಮ್ಮ ರೇಗಿದಳು. "ಸೈಕಲ್ ಶಾಪ್ ಬಿಟ್ಟು ಪೊಲೀಸ್ ಕೆಲ್ಸಕ್ಕೆ ಸೇರಿದ್ಯೇನೆ? ಕೈ ತೊಳ್ಕೊಂಡು ಅವರ ಹಿಂದೆ ಬಿದ್ದಿದೀಯಲ್ಲ!"

ಮಾರ್ಚ್ 9

ಬೇಕರಿ ಯಜಮಾನರನ್ನೇ ಕೇಳಿಬಿಟ್ಟೆ — ಅಪ್ಪ ಇಲ್ಲಿ ತಿನ್ನುತ್ತಾರಾ ಅಂತ. ಕೇಳಿದ್ದಷ್ಟೇ.

ಮಾರ್ಚ್ 14

ಅಪ್ಪನನ್ನು ಕೇಕ್ ಟೇಬಲಿನಿಂದ ತೆಗೆದು ಬ್ರೆಡ್ ಪ್ಯಾಕಿಂಗಿಗೆ ಹಾಕಿದ್ದಾರೆ. ಹೊರಡುವಾಗ ಜೇಬು ತಡಕುತ್ತಾರಂತೆ. ಕೆನೆಯಲ್ಲಿ ಗುಲಾಬಿ ಅರಳಿಸುತ್ತಿದ್ದ ಕೈ... ಅಪ್ಪ ನನ್ನ ಹತ್ತಿರ ಮಾತು ಬಿಟ್ಟಿದ್ದಾರೆ. ಬೆರಳು ಮಾತ್ರ ಚಾಚುತ್ತಾರೆ.

112.

"ನೋಡಿದ್ರಾ! ಅಲ್ಲಿಂದ ತೆಗೆದ ಕೂಡ್ಲೆ ಇಳೀತು!"

ಅಮ್ಮ ಎದ್ದು ಒಳಗೆ ಹೋದಳು.

ಮಾರ್ಚ್ 16

ಹೊಸಬ ಮಾಡಿದ ಗುಲಾಬಿ ಎಲೆಕೋಸಿನ ಹಾಗಿತ್ತಂತೆ. ಇವತ್ತೊಂದು ದಿನ ಅಪ್ಪನನ್ನೇ ಕರೆದರು. ಯಜಮಾನರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾವಲು.

ಸಂಜೆ 190.

ಕಾವಲಿದ್ದರೂ? ಯಾವಾಗ ತಿಂದರು? ಬೆರಳು ಹಿಡಿದು ದಿಟ್ಟಿಸಿದೆ. ಉಗುರಿನ ಸಂದಿಯಲ್ಲಿ ಬಿಳಿ ಪುಡಿ, ಐಸಿಂಗ್ ಸಕ್ಕರೆ. ನನ್ನ ಕೈ ಕಪ್ಪು, ಅದಕ್ಕೇ ಉಜ್ಜುತ್ತೇನೆ. ಅಪ್ಪನ ಕೈ ಬೆಳ್ಳಗಿತ್ತು... ಕೊಳೆ ಅನ್ನಿಸಲೇ ಇಲ್ಲ.

"ಸೋಪು ಹಾಕಿ ತೊಳ್ಕೊಂಡು ಬನ್ನಿ."

ಮತ್ತೆ ಚುಚ್ಚಿದೆ. 109.

ಅಪ್ಪ ಮೀಟರನ್ನೇ ನೋಡುತ್ತ ಕೂತರು. ಮಾತು ಬಿಟ್ಟವರು ಈಗ ಬಾಯಿ ಬಿಟ್ಟರು: "ಕೈ ತೊಳ್ಕೊಂಡು ನನ್ನ ಹಿಂದೆ ಬಿದ್ದೆ. ನನ್ನ ಕೈ ತೊಳೆಸೋದು ಮರೆತೆ ನೋಡು."

ಮಾರ್ಚ್ 17, ಬೆಳಿಗ್ಗೆ

ಯಜಮಾನರಿಗೆ ಹೇಳಬೇಕು. ಎಲ್ಲರೆದುರು. ಅಪ್ಪ ತಿಂದಿಲ್ಲ, ನನ್ನದೇ ತಪ್ಪು. ಅಪ್ಪನಿಗೆ ಅವರ ಟೇಬಲ್ ವಾಪಸ್ ಕೊಡಿ. ಮೀಟರ್ ಚೀಲದಲ್ಲಿದೆ. ನಂಬದಿದ್ದರೆ ಯಜಮಾನರ ಬೆರಳನ್ನೇ ಐಸಿಂಗಿಗೆ ಅದ್ದಿಸಿ, ಚುಚ್ಚಿ ತೋರಿಸುತ್ತೇನೆ.