ಇಲ್ಲಟಂ

ಜೂನ್ 3, ಸೋಮವಾರ

…ಪದ್ಧತಿಯನ್ನು ಕೋರ್ಟು ಗೌರವಿಸುತ್ತದೆ, ಆದರೆ ಊಹಿಸುವುದಿಲ್ಲ — ಹೀಗೇ ಏನೋ ಅಂದರು ಲಾಯರ್ ಶಿವಶಂಕರ್. ಪೂರ್ತಿ ನೆನಪಿಲ್ಲ. ಮುಳಬಾಗಿಲು ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಅರ್ಧ ಕಳೆದುಹೋಯಿತು.

ತಿಳಿದದ್ದು ಇಷ್ಟು. ನನ್ನ ಹೆಂಡತಿ ಸುನಂದ ತೀರಿಕೊಂಡಳು, ಮಕ್ಕಳಿಲ್ಲ. ತವರಿನಿಂದ ಅವಳಿಗೆ ಬಂದ ಪಾಲು ಗಂಡನಿಗೆ ಸೇರುವುದಿಲ್ಲ, ತವರಿಗೇ ಹಿಂತಿರುಗುತ್ತದೆ. ಅಂದರೆ ಅವಳ ತಮ್ಮ ಉಮೇಶನಿಗೆ. ಮನೆ, ನಾನು ನೆಟ್ಟ ಹಿಪ್ಪುನೇರಳೆ ತೋಟ, ಎಲ್ಲ. ಬಿಟ್ಟುಕೊಡಿ ಎಂದು ಕೇಸ್ ಹಾಕಿದ್ದಾನೆ.

ನನಗೆ ಉಳಿದಿರುವುದು ಒಂದು ತೆಲುಗು ಪದ. ಇಲ್ಲಟಂ. ಗಂಡುಮಕ್ಕಳಿಲ್ಲದ ಮನೆಗೆ, ಮಗನ ಪಾಲು ಕೊಡುತ್ತೇವೆಂದು ಮಾತಾಡಿ ಕರೆತಂದ ಅಳಿಯ. ಮಾವ ಗಂಗುಲಪ್ಪ ನನ್ನನ್ನು ಹಾಗೇ ತಂದರು. ಉಮೇಶ ಹುಟ್ಟಿದ್ದು ಆಮೇಲೆ.

"ಸಂವಿಧಾನಾನೇ ಪದ್ಧತೀನೂ ಕಾನೂನು ಅನ್ನುತ್ತೆ ರೀ. ಎಲ್ಲೂ ಬರೆದಿಡದೆ ಇದ್ರೂ ಪರ್ವಾಗಿಲ್ಲ. ಆದ್ರೆ ನಿಮ್ಮೋರು ಯಾರಾದ್ರೂ ಬಾಯ್ಬಿಟ್ಟು ಹೇಳ್ಬೇಕು — ಹೌದು, ನಮ್ಮಲ್ಲಿ ಹಿಂಗೇ ನಡ್ಕೊಂಡು ಬಂದಿದೆ ಅಂತ."

ಲಾಯರ್ ಹೀಗಂದಾಗ ಸುಲಭ ಅನ್ನಿಸಿತು.

ಜೂನ್ 9, ಭಾನುವಾರ

ಕ್ಯಾಲನೂರಿಗೆ ಹೋಗಿದ್ದೆ. ನೆಂಟ ಸೊಣ್ಣಪ್ಪನವರೂ ಇಲ್ಲಟಂ ಬಂದವರೇ, ಊರಿಗೆಲ್ಲ ಗೊತ್ತು. ಡೇರಿಗೆ ಹಾಲು ಹಾಕಿ ಬರುತ್ತಿದ್ದರು. ವಿಷಯ ಹೇಳಿದೆ. ಕ್ಯಾನು ಕೆಳಗಿಟ್ಟರು.

"ಲೇ ಗಂಗಾಧರ, ನಾನ್ಯಾವಾಗ್ಲಾ ಇಲ್ಲಟಂ ಬಂದೆ?"

"ಮತ್ತೆ?"

"ಮಾವನಿಗೆ ಮೈ ಹುಷಾರಿರ್ಲಿಲ್ಲ, ನೋಡ್ಕೊಳ್ಳಾಕ್ ಬಂದೆ."

"ಅವ್ರು ಹೋಗಿ ಎಷ್ಟೋ ಕಾಲ ಆಯ್ತಲ್ಲ."

"ಹೊರಡಾನ ಅಂತಾನೇ ಇದೀನಿ, ಏನೀಗ?"

ಮೊಮ್ಮಗಳ ಮದುವೆ ಗೊತ್ತಾಗಿದೆಯಂತೆ. ಕೋರ್ಟಿನಲ್ಲಿ ಆ ಪದ ಒಪ್ಪಿಕೊಂಡರೆ ಬೀಗರು ಆಡಿಕೊಳ್ಳುತ್ತಾರಂತೆ. ಕಾಫಿ ಕೊಟ್ಟು ಕಳಿಸಿದರು.

ನಡೆಸಿಕೊಂಡು ಬಂದ ಪದ್ಧತಿ. ಹೆಸರು ಮಾತ್ರ ಬೈಗುಳ. ಬೈಗುಳಕ್ಕೆ ಸಾಕ್ಷಿ ಎಲ್ಲಿ ಸಿಗುತ್ತದೆ.

ಜೂನ್ 27, ಗುರುವಾರ

ಉಳಿದವರು ಅತ್ತೆ. ಮದುವೆಯ ಮಾತುಕತೆ ಕೇಳಿದವರಲ್ಲಿ ಇನ್ನೂ ಬದುಕಿರುವವರು ಅವರೊಬ್ಬರೇ. ಉಮೇಶನ ತಾಯಿ ಕೂಡ. ಮೂವರೂ ಒಂದೇ ಸೂರಿನಡಿ, ಒಂದೇ ಒಲೆ.

ಕೇಳಲು ಬಾಯಿ ಬರಲಿಲ್ಲ. ಮುದ್ದೆ ಇಡುತ್ತಾ ಅವರೇ ಅಂದರು, "ಇದ್ದದ್ದು ಇದ್ದಂಗೆ ಹೇಳ್ತೀನಿ. ಉಣ್ಣಿ ಅಳಿಯೋರೇ, ಆರೋಗ್ತದೆ."

ಎದುರು ಕೂತಿದ್ದ ಉಮೇಶ ಸಾರಿನ ಪಾತ್ರೆ ನನ್ನ ಕಡೆ ಸರಿಸಿದ. "ಭಾವ, ಡೇಟ್ ದಿವ್ಸ ಬಸ್ಸ್ಯಾಕೆ? ನನ್ ಗಾಡೀಲೇ ಬನ್ನಿ."

ಈ ಮನೆಯಿಂದ ಎದ್ದು ಹೋಗುವುದಾದರೂ ಎಲ್ಲಿಗೆ. ಮಾಲೂರಿನ ಅಣ್ಣನ ಮನೆಯಲ್ಲಿ ನಾನು ಬರೀ ನೆಂಟ. ಇಲ್ಲಿ ಏನು ಎನ್ನುವುದನ್ನು ಇನ್ನೊಬ್ಬರು ತೀರ್ಮಾನಿಸಬೇಕು…

ಜುಲೈ 11, ಗುರುವಾರ

ಅತ್ತೆಯ ಸಾಕ್ಷಿ. ಕಟಕಟೆಯ ಕಂಬಿ ಹಿಡಿದು ನಿಂತರು. ಶಿವಶಂಕರ್ ಕೇಳಿದರು.

"ಅಮ್ಮ, ಗಂಗಾಧರ್ ನಿಮ್ಮನೆಗೆ ಹೆಂಗ್ ಬಂದ್ರು? ಬರೀ ಅಳಿಯನಾ, ಇಲ್ಲಟಮಾ?"

ಅತ್ತೆಯ ಮುಖ ಕೆಂಪಾಯಿತು.

"ಏನ್ ಸ್ವಾಮಿ, ಓದ್ದೋರು ಇಂಗಾ ಮಾತಾಡೋದು? ಇಲ್ಲಟಂ ಗಿಲ್ಲಟಂ ಅನ್ಬೇಡಿ. ಮಾನಸ್ಥರ ಮನೆ ಹುಡುಗ. ನಮ್ಮ ಅಳಿಯ, ಅಷ್ಟೇ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಜಡ್ಜ್ ನಿಧಾನವಾಗಿ ಬರೆಸಿದರು: ಅಳಿಯ, ಇಲ್ಲಟಂ ಅಲ್ಲ. ಟೈಪಿಸ್ಟ್ ಹೊಡೆದ ಸದ್ದು. ಶಿವಶಂಕರ್ ಮತ್ತೆ ಮತ್ತೆ ಬೇರೆ ದಾರಿಯಿಂದ ಕೇಳಿದರು. ಅತ್ತೆ ಜಗ್ಗಲಿಲ್ಲ. ಕಾರಿಡಾರಿನಲ್ಲಿ ಲಾಯರ್ ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡು, "ಇನ್ನೇನೂ ಉಳಿದಿಲ್ಲ ರೀ" ಅಂದರು.

ಉಮೇಶನ ಗಾಡಿ ಬೇಡವೆಂದು ಬಸ್ಸು ಹತ್ತಿದೆವು. ಅತ್ತೆ ನನ್ನ ಕೈ ಒತ್ತಿದರು. "ಎಲ್ರ ಮುಂದೆ ನಿಮ್ಮನ್ನ ಬಿಟ್ಕೊಡ್ಲಿಲ್ಲ, ನೋಡಿದ್ರಲ್ಲ."

ಹೂಂ ಅಂದೆ.

ಜುಲೈ 14, ಭಾನುವಾರ

ತೀರ್ಪು ಇನ್ನೂ ಬಂದಿಲ್ಲ. ಉಮೇಶ ಆಗಲೇ ಯಾರನ್ನೋ ಕರೆದುಕೊಂಡು ಬಂದು ತೋಟ ತೋರಿಸುತ್ತಿದ್ದ. ನನ್ನನ್ನು ಕಂಡು ದನಿ ತಗ್ಗಿಸಿದ. "ಭಾವ, ನಿಧಾನಕ್ಕೆ ಹೊರಡಿ. ನಂದೇನೂ ಅವಸರ ಇಲ್ಲ."

ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕೇಳಿಸಿರಬೇಕು. ಒಳಗೆ ಹೋದರು.

ಸುನಂದಾ, ನಿನಗೆ ನಿಮ್ಮಮ್ಮ ಗೊತ್ತಲ್ಲ. ಆ ಪದದ ಮೇಲೆ ಏನೆಲ್ಲ ನಿಂತಿದೆ ಅಂತ ಅವರಿಗೆ ತಿಳಿದಿರಲಿಲ್ಲ, ಅಲ್ಲವೇ?