ಹತ್ತು ಗಂಟೆ ಗಾಡಿಯ ಊಟದ ಡಬ್ಬಿ

ನಮ್ಮ ಮನೆ, ಅಡುಗೆಮನೆಯ ಮೇಜು
ಭಾನುವಾರ ಬೆಳಗ್ಗೆ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಹೇಗಿದೆ? ಅಕ್ಕನ ಮನೆಯ ಮೆಟ್ಟಿಲು ಹತ್ತಿ ಇಳಿದು ಹೆಚ್ಚಾಗಿಯೇ ಇರುತ್ತದೆ, ಇಲ್ಲ ಅಂತ ನೀನು ಹೇಳಿದರೂ ನಾನು ನಂಬುವುದಿಲ್ಲ. ಭಾವ ಹೊಸ ಕನ್ನಡಕ ಮಾಡಿಸಿಕೊಟ್ಟರಂತೆ. ಹಾಗಾದರೆ ಈ ಕಾಗದವನ್ನು ಅಕ್ಕನ ಕೈಲಿ ಓದಿಸಬೇಡ, ನೀನೇ ಓದು. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಫೋನಿನಲ್ಲಿ ಮನೆಗೆ ಬರುವ ಮಾತೆತ್ತಿದ ಕೂಡಲೇ "ನೋಡೋಣ ಬಿಡೋ" ಅಂದು ಪುಟ್ಟಿಯ ಕೈಗೆ ಫೋನು ದಾಟಿಸಿಬಿಡುತ್ತೀಯ. ಕಾಗದವನ್ನು ಹಾಗೆ ದಾಟಿಸಲು ಆಗುವುದಿಲ್ಲ, ಮೊಮ್ಮಗಳಿಗಿನ್ನೂ ಓದಲು ಬರುವುದಿಲ್ಲ.

ನಾವಿಬ್ಬರೂ ಚೆನ್ನಾಗಿದ್ದೇವೆ. ತಾನು ಅಡುಗೆ ಕಲಿತೆ ಅಂತ ಅಪ್ಪ ಬೀದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಆಲೂಗಡ್ಡೆ ಬೇಯಿಸುವುದು, ಬೆಂದ ಆಲೂಗಡ್ಡೆಯನ್ನು ಹುರಿಯುವುದು, ಅಲ್ಲಿಗೆ ಆ ವಿದ್ಯೆ ಮುಗಿಯಿತು. ರಜೆಯ ದಿನ ಇದಾದರೆ ಉಳಿದ ದಿನ ಇಬ್ಬರಿಗೂ ನಾವು ಕೆಲಸ ಮಾಡುವ ಸ್ಟೇಷನ್ನಿನ ಕ್ಯಾಂಟೀನು. ನನಗೆ ಅದು ರೂಢಿಯಾಗಿದೆ. ಅಪ್ಪನಿಗೆ ಆಗಿಲ್ಲ, ಆದರೆ ಬಾಯಿ ಬಿಟ್ಟು ಹೇಳುವ ಆಸಾಮಿಯಲ್ಲವಲ್ಲ! ಸೊಂಟದ ಬೆಲ್ಟು ಒಂದು ತೂತು ಬಿಗಿಯಾಗಿದೆ, ಅದೇ ಹೇಳುತ್ತದೆ.

ಇವತ್ತು ಬೆಳಗ್ಗೆ ಅಡುಗೆಮನೆ ಗುಡಿಸುತ್ತಿದ್ದಾಗ ನಿನ್ನ ಹತ್ತು ಗಂಟೆ ಗಾಡಿ ನೆನಪಾಯಿತು. ಅಪ್ಪ ದೊಡ್ಡ ಸ್ಟೇಷನ್ನಿನ ಟಿಕೆಟ್ ಕೌಂಟರಿಗೆ ನಸುಕಿನಲ್ಲೇ ಹೊರಡುತ್ತಿದ್ದರು, ಅಷ್ಟು ಹೊತ್ತಿಗೆ ಅಡುಗೆ ಎಲ್ಲಿ ಆಗಬೇಕು? ನೀನು ನಿಧಾನವಾಗಿ ಬೇಯಿಸಿ, ಡಬ್ಬಿಗೆ ಟವೆಲ್ ಸುತ್ತಿ, ನನ್ನನ್ನೂ ಅಕ್ಕನನ್ನೂ ಬಾಲದ ಹಾಗೆ ಎಳೆದುಕೊಂಡು ನಮ್ಮ ಚಿಕ್ಕ ಸ್ಟೇಷನ್ನಿಗೆ ಓಡುತ್ತಿದ್ದೆ. ಗಾಡಿ ನಿಲ್ಲುವುದೇ ಒಂದು ಗಳಿಗೆ. ಮೂರನೇ ಬೋಗಿಯ ಮೊದಲ ಕಿಟಕಿಯಲ್ಲಿ ಯಾರು ಕೂತಿದ್ದರೂ ಸರಿ, ಡಬ್ಬಿ ಅವರ ಮಡಿಲಿಗೆ ಹೋಗುತ್ತಿತ್ತು. "ದೊಡ್ಡ ಸ್ಟೇಷನ್ನಲ್ಲಿ ಬೋಳುತಲೆಯವರೊಬ್ಬರು ನಿಂತಿರ್ತಾರೆ, ಅವರಿಗೆ ಕೊಟ್ಟುಬಿಡಿ!" ಬೇಡ ಅಂದವರನ್ನು ನಾನು ಕಾಣೆ. ಕಾಲೇಜು ಹುಡುಗಿಯರು, ಮೀಸೆಯ ಮೇಷ್ಟ್ರು, ಆಸ್ಪತ್ರೆಯ ನರ್ಸಮ್ಮ, ಯಾರ‍್ಯಾರೋ. ನರ್ಸಮ್ಮನಂತೂ ನಿನ್ನನ್ನು ಕಂಡ ಕೂಡಲೇ ಕಿಟಕಿಯಿಂದ ಕೈ ಚಾಚುತ್ತಿದ್ದರು.

ಆ ಬೋಳುತಲೆಯ ಗುರುತಿಗೆ ಅಪ್ಪ ಎಷ್ಟು ಸಿಡುಕುತ್ತಿದ್ದರು! "ಕೂದಲಿದ್ದಾಗ ಮದುವೆಯಾದವಳಿಗೆ ಹೇಳೋಕೆ ಬೇರೆ ಗುರುತೇ ಸಿಗಲ್ವಾ?" ಆಮೇಲೆ ಒಂದು ದಿನ ಪ್ಲಾಟ್‌ಫಾರಮ್ಮಿನಲ್ಲಿ ಇಬ್ಬರು ಬೋಳುತಲೆಯವರು ನಿಂತು, ಡಬ್ಬಿ ಇನ್ನೊಬ್ಬರ ಪಾಲಾಯಿತಲ್ಲ, ನೆನಪಿದೆಯಾ? ಮರುದಿನ ಆ ಪುಣ್ಯಾತ್ಮರು ಡಬ್ಬಿಯನ್ನು ಬೆಳ್ಳಗೆ ತೊಳೆದು ಕೌಂಟರಿಗೇ ತಂದುಕೊಟ್ಟು, "ಯಾರು ಕಳಿಸಿದ್ರೋ ಗೊತ್ತಾಗ್ಲಿಲ್ಲ, ಊಟ ಬಿಡೋಕೆ ಮನಸ್ಸಾಗ್ಲಿಲ್ಲ, ಉಪ್ಪು ಒಂಚೂರು ಕಮ್ಮಿ" ಅಂದರಂತೆ. ಕದ್ದು ತಿಂದವನಿಗೆ ಉಪ್ಪಿನ ಮಾತು ಬೇರೆ ಅಂತ ನೀನು ಒಂದು ವಾರ ಗೊಣಗಿದೆ. ಅಂದಿನಿಂದ ಗುರುತಿಗೆ "ಕಿವಿಯಲ್ಲಿ ಪೆನ್ಸಿಲ್" ಸೇರಿಕೊಂಡಿತು. ಡಬ್ಬಿ ದಾರಿ ತಪ್ಪಿದ್ದು ಅದೊಂದೇ ಸಲ. ಅಷ್ಟು ನಂಬಿಕೆಯ ನಡುವೆ ನಾವು ಬೆಳೆದೆವು, ಅದು ನಂಬಿಕೆ ಅಂತ ಆಗ ಗೊತ್ತೇ ಇರಲಿಲ್ಲ.

ಆ ಕೆಟ್ಟ ದಿನದ ಮಾತು ಬೇಡ ಅಂತಲೇ ಕೂತೆ, ಆದರೆ ಪೆನ್ನು ಅಲ್ಲಿಗೇ ಹೋಗುತ್ತಿದೆ. ಒಂದೇ ಬೆಳಗ್ಗೆ ದೇಶದ ಮೂರು ಸ್ಟೇಷನ್ನುಗಳಲ್ಲಿ ಬಾಂಬು ಸಿಡಿಯಿತು. ನಮ್ಮ ದೊಡ್ಡ ಸ್ಟೇಷನ್ನಿನಲ್ಲಿ ವೇಟಿಂಗ್ ಹಾಲಿನ ಬೆಂಚಿನ ಕೆಳಗಿಟ್ಟಿದ್ದ ಊಟದ ಚೀಲದಲ್ಲಿ. ನಾನು ಮೇಲಿನ ಅನೌನ್ಸ್‌ಮೆಂಟ್ ಕೋಣೆಯಲ್ಲಿದ್ದೆ, ಅಪ್ಪ ಕೌಂಟರಿನ ಗೋಡೆಯ ಹಿಂದೆ. ನಾವು ಬದುಕಿದೆವು, ಎಷ್ಟೋ ಜನ ಬದುಕಲಿಲ್ಲ. ಸಂಜೆ ನಾವು ನಡೆದುಕೊಂಡೇ ಮನೆಗೆ ಬಂದಾಗ ನೀನು ಗೇಟಿನ ಹತ್ತಿರ ನಿಂತಿದ್ದೆ. ಇಬ್ಬರ ಕೈಕಾಲನ್ನೂ ಮುಟ್ಟಿ ಮುಟ್ಟಿ ನೋಡಿದೆ.

ಆಮೇಲೆ ಸ್ಟೇಷನ್ ತೆರೆದರು, ಅಪ್ಪ ಕೆಲಸಕ್ಕೆ ಹೋದರು, ನೀನು ಡಬ್ಬಿ ಕಟ್ಟಿದೆ. ನಮ್ಮ ಮನೆಯ ಲೆಕ್ಕದಲ್ಲಿ ಅದು ಅಷ್ಟೇ. ಮೂರನೇ ಬೋಗಿಯ ಕಿಟಕಿಯೊಳಗೆ ಡಬ್ಬಿ ಚಾಚಿದೆ. ಒಳಗೆ ಯಾರೋ ಕಿಟಾರನೆ ಕಿರುಚಿದರು. ಜನ ಆಚೆ ಬದಿಯಿಂದ ಹಳಿಯ ಮೇಲೆ ಧುಮುಕಿದರು. ಪ್ಲಾಟ್‌ಫಾರಮ್ಮಿನಲ್ಲಿ ಡಬ್ಬಿ ಹಿಡಿದು ನೀನೊಬ್ಬಳೇ. ಪೊಲೀಸರು ಬಂದು ಕೆಳಗಿಟ್ಟು ದೂರ ಸರಿ ಅಂದರು, ಮರಳು ಚೀಲ ಜೋಡಿಸಿ ಅದನ್ನು ಸಿಡಿಸಿಯೇಬಿಟ್ಟರು. ನಿನ್ನನ್ನು ಸಂಜೆಯವರೆಗೆ ಸ್ಟೇಷನ್ ಮಾಸ್ಟರರ ಕೋಣೆಯಲ್ಲಿ ಕೂರಿಸಿ, ಇಷ್ಟು ವರ್ಷ ಡಬ್ಬಿ ಒಯ್ದವರ ಹೆಸರು ಕೇಳಿದರು. ನಿನಗೆ ಒಬ್ಬರ ಹೆಸರೂ ಗೊತ್ತಿರಲಿಲ್ಲ. "ಹೆಸರೇ ಗೊತ್ತಿಲ್ಲದವರ ಕೈಗೆ ಊಟ ಕೊಡ್ತಿದ್ರಾ?" ಅಂದರು ಇನ್‌ಸ್ಪೆಕ್ಟರು. "ತಿನ್ನೋರು ಯಾರಂತ ಗೊತ್ತಿತ್ತಲ್ಲಪ್ಪಾ" ಅಂದೆಯಂತೆ ನೀನು. ಅವರೂ ಕೆಟ್ಟವರಲ್ಲ, ಕೊನೆಗೆ ನೀರು ಕೊಟ್ಟು ಕೈಮುಗಿದು ಕಳಿಸಿದರು. ಅವರನ್ನು ಬೈದು ಹಗುರಾಗೋಣ ಅಂದರೆ ಅದಕ್ಕೂ ದಾರಿಯಿಲ್ಲ. ಮನೆಗೆ ಬರುವಾಗ ನೀನು ಹೇಳಿದ್ದು ಒಂದೇ ಮಾತು, "ಎಲ್ಲರೂ ನನ್ನ ಕೈಯನ್ನೇ ನೋಡ್ತಿದ್ರು ಕಣೋ." ಒಂದು ವಾರಕ್ಕೆಂದು ಭಾವನ ಕಾರು ಹತ್ತಿದವಳು, ಆ ಚಳಿಗಾಲ ಹೋಗಿ ಈ ಚಳಿಗಾಲ ಬಂತು.

ಇಲ್ಲಿ ಎಲ್ಲ ಮೊದಲಿನಂತಿದೆ ಅಂತ ಸುಳ್ಳು ಹೇಳಿ ನಿನ್ನನ್ನು ಕರೆಸಿಕೊಳ್ಳುವುದಿಲ್ಲ. ಅಪ್ಪನ ಕೌಂಟರಿಗೆ ದಪ್ಪ ಗಾಜು ಬಂದಿದೆ, ಮೈಕಿನಲ್ಲಿ ಮಾತಾಡಬೇಕು. ಪ್ರಯಾಣಿಕರಿಗೆ ಹೇಳುತ್ತಿದ್ದ ಹಾಸ್ಯವೆಲ್ಲ ಮೈಕಿನಲ್ಲಿ ಹಳಸಿದಂತೆ ಕೇಳುತ್ತದೆ ಅಂತ ಬಿಟ್ಟೇಬಿಟ್ಟರು. ಪ್ಲಾಟ್‌ಫಾರಮ್ಮಿನ ಕಸದ ಬುಟ್ಟಿಗಳನ್ನು ಎತ್ತಿಬಿಟ್ಟಿದ್ದಾರೆ, ಬಾಳೆಹಣ್ಣು ತಿಂದವರು ಸಿಪ್ಪೆಯನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ಸಿನಿಮಾ, ಗ್ರಂಥಾಲಯ, ಶಾಲೆ, ಎಲ್ಲಿ ಹೋದರೂ ಚೀಲ ಬಿಚ್ಚಿ ತೋರಿಸಬೇಕು. ಎದುರುಮನೆಯವರು ಕಿಟಕಿಗೆಲ್ಲ ಕಬ್ಬಿಣದ ಜಾಲರಿ ಹಾಕಿಸಿ, ಈಗ ತಮ್ಮ ಬೆಕ್ಕಿಗೇ ಬಾಗಿಲು ತೆಗೆಯಲು ಎದ್ದು ಬರುತ್ತಾರೆ. ದೇಶ ಭದ್ರವಾಗಿದೆ ಅಂತ ಟಿವಿಯಲ್ಲಿ ಹೇಳುತ್ತಲೇ ಇದ್ದಾರೆ. ಇಡೀ ದೇಶಕ್ಕೆ ಬೀಗ ಬಿದ್ದಿದೆ, ನಿಜ. ಆದರೆ ಬಾಗಿಲು ಹಾಕದೆ ನಾವು ಮಲಗುತ್ತಿದ್ದ ಆ ನಿದ್ದೆ ಈಗ ಯಾರಿಗಿದೆ? ಇನ್ನು ನಾನಂತೂ ದಿನವಿಡೀ ಮೈಕಿನಲ್ಲಿ "ಅಪರಿಚಿತರಿಂದ ಯಾವ ವಸ್ತುವನ್ನೂ ತೆಗೆದುಕೊಳ್ಳಬೇಡಿ" ಅಂತ ಕೂಗುತ್ತೇನೆ. ಕೂಗಬೇಕಾದದ್ದೇ. ಆದರೂ ಪ್ರತಿ ಸಲ ನಿನ್ನ ಮುಖ ಕಣ್ಣೆದುರು ಬರುತ್ತದೆ.

ಇಷ್ಟಾದರೂ ಹತ್ತು ಗಂಟೆ ಗಾಡಿ ಬರುವ ಹೊತ್ತಿಗೆ ಅಪ್ಪ ಕೌಂಟರನ್ನು ಜೊತೆಯವರಿಗೆ ಒಪ್ಪಿಸಿ ಮೂರನೇ ಬೋಗಿಯ ಜಾಗಕ್ಕೆ ಹೋಗಿ ನಿಲ್ಲುತ್ತಾರೆ. ನನ್ನ ಕೋಣೆಯ ಕಿಟಕಿಯಿಂದ ಕಾಣುತ್ತದೆ. ಕೇಳಿದರೆ ಕಾಲು ಜೋಮು ಹಿಡಿದಿತ್ತು ಅನ್ನುತ್ತಾರೆ. ನೀನಿಲ್ಲದೆ ಈ ಮನೆ ಮನೆಯಾಗಿಲ್ಲ ಅಮ್ಮಾ, ಅವರ ಪರವಾಗಿ ನಾನೇ ಹೇಳುತ್ತಿದ್ದೇನೆ.

ಅಕ್ಕನಿಗೂ ಭಾವನಿಗೂ ನೆನಪು ಹೇಳು, ಪುಟ್ಟಿಯ ಕೆನ್ನೆಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು. ಮೆಟ್ಟಿಲು ನಿಧಾನವಾಗಿ ಇಳಿ.

ನಿನ್ನ ಬಾಲ,
ಈಗಲೂ ನಿನ್ನ ಹಿಂದೆಯೇ ಇರುವವನು

ಮತ್ತೊಂದು ಮಾತು: ಲಕೋಟೆ ಅಂಟಿಸುವ ಮೊದಲು ಹೇಳಿಬಿಡುತ್ತೇನೆ, ಇದನ್ನು ಹೇಳಲೆಂದೇ ಇಷ್ಟೆಲ್ಲ ಬರೆದದ್ದು. ನಿನ್ನೆ ನರ್ಸಮ್ಮ ಗಾಡಿಯಿಂದ ಇಳಿದು ನೇರ ಅಪ್ಪನ ಎದುರು ಬಂದು ನಿಂತರು, ನಾನೂ ಅಲ್ಲೇ ಇದ್ದೆ. "ಅವತ್ತು ಕಿರುಚಿದ್ದು ನಾನು" ಅಂದರು. ವಾರ್ಡಿನಲ್ಲಿ ಗಾಯಾಳುಗಳ ನಡುವೆ ನಿದ್ದೆಗೆಟ್ಟು ಬಂದಿದ್ದರಂತೆ. "ಡಬ್ಬಿ ಕಾಣಿಸ್ತು, ಹಿಡಿದಿದ್ದವರು ಕಾಣಿಸ್ಲಿಲ್ಲ" ಅಂದು ಅತ್ತುಬಿಟ್ಟರು. ಅಪ್ಪನ ಮುಖ ನೋಡಲಾರದೆ ಇಷ್ಟು ದಿನ ಬೇರೆ ಬೋಗಿ ಹತ್ತುತ್ತಿದ್ದರಂತೆ. ನಾಳೆಯಿಂದ ಮತ್ತೆ ಮೂರನೇ ಬೋಗಿಯ ಅದೇ ಕಿಟಕಿಯಲ್ಲಿ ಕೂರುತ್ತಾರಂತೆ, ನಮ್ಮ ಸ್ಟೇಷನ್ನಿನಲ್ಲಿ ಕೈ ಚಾಚುತ್ತಾರಂತೆ, ನೀನು ಬಂದರೂ ಸರಿ, ಬಾರದಿದ್ದರೂ ಸರಿ. ನನ್ನ ಕಡೆ ತಿರುಗಿ, "ಅಪರಿಚಿತರಿಂದ ತಗೋಬೇಡಿ ಅಂತ ತಾನೇ ನೀನು ಕೂಗೋದು? ನಿಮ್ಮಮ್ಮ ನನಗೆ ಅಪರಿಚಿತರಾ?" ಅಂತ ಗದರಿದರು. ಇನ್ನೂ ಒಂದು. ಅಪ್ಪ ಯಾವಾಗಲೋ ಹೊಸ ಡಬ್ಬಿ ತಂದು ಅಕ್ಕಿ ಡಬ್ಬದ ಹಿಂದೆ ಅಡಗಿಸಿಟ್ಟಿದ್ದಾರೆ, ಗುಡಿಸುವಾಗ ಸಿಕ್ಕಿದ್ದು ಅದೇ. ಒಂದು ದಿನವೂ ಊಟ ಕಾಣದ ಡಬ್ಬಿ, ಆದರೆ ಅಪ್ಪ ತೊಳೆದಿಟ್ಟ ನೀರಿನ ಪಸೆ ಒಳಗೆ ಇನ್ನೂ ಇತ್ತು. ನಾಳೆ ಬೆಳಗ್ಗೆ ನರ್ಸಮ್ಮ ಕಿಟಕಿಯಿಂದ ಕೈ ಚಾಚುತ್ತಾರೆ ಅಮ್ಮಾ, ನಾಡಿದ್ದೂ ಚಾಚುತ್ತಾರೆ. ಬಾ.