ಝೆರಾಕ್ಸ್ ತರುವಷ್ಟು ಹೊತ್ತು

ಜೂನ್ 3, ಮಂಗಳವಾರ. ಮಧ್ಯಾಹ್ನ 12.50

ಉಂಡಾಯಿತು. ಗಂಜಿ, ಒಣ ಸಿಗಡಿ ಚಟ್ನಿ. ಎರಡು ಸಲ ಸೋಪು ತಿಕ್ಕಿದರೂ ಗೇರುಬೀಜದ ಎಣ್ಣೆಯ ಕಪ್ಪು ಕೈಯಿಂದ ಹೋಗಿಲ್ಲ. ಪುಟಕ್ಕೂ ಹತ್ತಿತು. ಹತ್ತಲಿ.

ಮಾತ್ರೆ ಕೊಡುವ ಸೆಂಟರಿನ ಹೊಸ ಕೌನ್ಸೆಲರ್ ನಿಶ್ಮಿತಾ ಮೇಡಂ ಕೊಟ್ಟ ನೋಟ್‌ಬುಕ್ ಇದು. ಬಸುರಿ ಹೆಂಗಸು, ಮಾತು ಮೆತ್ತಗೆ. "ದಿನಾ ನಾಲ್ಕು ಸಾಲು ಬರೀರಿ. ಯಾರೂ ಓದುದಿಲ್ಲ, ನಾನೂ ಓದುದಿಲ್ಲ" ಅಂದರು. ಯಾರೂ ಓದದಿದ್ದರೆ ಯಾವ ಸಂಪತ್ತಿಗೆ ಬರೆಯುವುದು? ಮನೆಗಂತೂ ಒಯ್ಯುವ ಹಾಗಿಲ್ಲ. ಫ್ಯಾಕ್ಟರಿಯಲ್ಲೇ, ಏಪ್ರನ್ ಇಡುವ ಗೂಡಿನಲ್ಲಿ ಇರಲಿ.

ಪಕ್ಕದಲ್ಲಿ ಕೂತು ಬೀಜ ಒಡೆಯುವ ವನಜಕ್ಕ ಇಣುಕಿದಳು. "ಎಂತ ಹೆಣೆ, ಪರೀಕ್ಷೆ ಕಟ್ಟಿದ್ಯಾ?" ಹೌದು ಅಂದೆ.

ಒಂದು ಸುಖ. ಇಲ್ಲಿ ಗಂಡನನ್ನು 'ಅವನು' ಎಂದು ಬರೆಯಬಹುದು.

ಜೂನ್ 11, ಬುಧವಾರ

ನಿನ್ನೆ ಸೆಂಟರ್. ತಿಂಗಳಿಗೊಮ್ಮೆ ಹೆಚ್‌ಐವಿ ಮಾತ್ರೆ ತರುವ ದಿನ. ಇಬ್ಬರದ್ದೂ ಒಂದೇ ತಾರೀಕು, ಒಂದೇ ಬೈಕು. ನಾವುಂದದವರು ಯಾರೂ ಕಾಣಬಾರದೆಂದು ಕುಂದಾಪುರವನ್ನೂ ದಾಟಿ ಅಷ್ಟು ದೂರ ಹೋಗುವುದು. ಸಾಸ್ತಾನದ ಟೋಲ್ ಬರುವವರೆಗೆ ನಾನು ಮುಖಕ್ಕೆ ಸೆರಗು ಸುತ್ತಿರಬೇಕು. ನನ್ನ ಗಂಡ ಭೋಜರಾಜನ ಆರ್ಡರ್.

ಒಳಗೆ ಕಾಲಿಟ್ಟರೆ ಅವನು ಬೇರೆಯೇ ಮನುಷ್ಯ. ಸಿಸ್ಟರಿಗೆ ಹಲಸಿನ ಹಪ್ಪಳ. ಹೊಸಬರಿಗೆ ಧೈರ್ಯದ ಮಾತು. ಅಜ್ಜಿಯೊಬ್ಬಳ ಕೈಹಿಡಿದು ಮೆಟ್ಟಿಲು ಹತ್ತಿಸಿದ. "ಇಂಥಾ ಗಂಡ ಎಲ್ರಿಗೂ ಸಿಕ್ತ್ರಾ ಸುಗುಣ?" ಅಂದರು ಸಿಸ್ಟರ್. ಊರಿಗೆ ಉಪಕಾರಿ, ಮನೆಗೆ ಮಾರಿ. ಮುಂಬಯಿ ಹೋಟೆಲಿನಲ್ಲಿದ್ದಾಗ ಈ ಕಾಯಿಲೆ ತಂದವನು ಅವನು. ನಾನೇ ತಂದದ್ದೆಂದು ನನ್ನ ತಮ್ಮನ ಹತ್ತಿರ ಹೇಳಿದ. ತಮ್ಮ ಅಂದಿನಿಂದ ಫೋನ್ ಎತ್ತುವುದಿಲ್ಲ.

ಮೇಡಂ ಫಾರಂ ತುಂಬಿಸುತ್ತಿದ್ದರು. ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ? ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಕುರ್ಚಿಯಿಂದ ಉತ್ತರ ಬಂತು. "ನಾ ಹೊಡುದಾ? ಇವ್ಳೇ ನಂಗ್ ಹೊಡುದ್ ಮೇಡಂ!" ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. ಬೆನ್ನು ಉರಿಯುತ್ತಿತ್ತು, ಆದರೂ ನಾನು ನಕ್ಕೆ. ಥೂ.

ಜುಲೈ 9, ಬುಧವಾರ

ಮೇಡಂ ಉಪಾಯಗಾತಿ. "ಭೋಜರಾಜಣ್ಣ, ನಿಮ್ಮಿಬ್ಬರ ಆಧಾರ್ ಝೆರಾಕ್ಸ್ ಬೇಕಿತ್ತಲ್ಲ" ಅಂದರು ನಿನ್ನೆ. ಅಂಗಡಿ ಇರುವುದು ಬಸ್‌ಸ್ಟ್ಯಾಂಡಿನ ಹತ್ತಿರ. ಹೋಗಿ ಬರಲು ಇಪ್ಪತ್ತು ನಿಮಿಷ. ಬೈಕಿನ ಸದ್ದು ದೂರವಾದ ಮೇಲೆ ಬಾಗಿಲು ಹಾಕಿದರು. "ಈಗ ಹೇಳಿ. ನಿಮ್ಮ ಉತ್ತರ ನೀವೇ ಕೊಡಿ."

ಹೇಳಿದೆ. ರವಿಕೆ ಮುಚ್ಚುವ ಜಾಗ ನೋಡಿ ಬೆಲ್ಟಿನಲ್ಲಿ ಹೊಡೆಯುವುದು. ಸಿಟ್ಟು ಬಂದ ದಿನ ನನ್ನ ಮಾತ್ರೆ ಡಬ್ಬಿಯನ್ನು ತಾನು ಓಡಿಸುವ ಆಟೋದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು. ಮೇ ತಿಂಗಳಲ್ಲಿ ಬಾವಿಕಟ್ಟೆ ಹತ್ತಿ ನಿಂತದ್ದು... ನೀರು ತಳ ಕಂಡಿತ್ತು. ಸಾಯಲಿಕ್ಕೂ ಸಾಲದಲ್ಲ ಅನ್ನಿಸಿ ಇಳಿದದ್ದು. ಇದನ್ನು ಹೇಳುವಾಗ ನಗು ಬಂತು, ನಗುತ್ತಲೇ ಅಳು.

ಮೇಡಂ ಬುದ್ಧಿ ಹೇಳಲಿಲ್ಲ. ನೀರು ಕೊಟ್ಟರು. "ನಿಮ್ಮದು ಏನೂ ತಪ್ಪಿಲ್ಲ" ಅಂದರು. ಮದುವೆಯಾಗಿ ಹದಿನಾಲ್ಕು ವರ್ಷ, ಈ ಮಾತು ಮೊದಲ ಸಲ ಕೇಳಿದ್ದು. ಮನಸ್ಸಿನ ಡಾಕ್ಟರನ್ನೂ ಅಲ್ಲಿಗೇ ಕರೆಸಿದರು. ಒಂದು ಗುಳಿಗೆ ಬರೆದಿದ್ದಾರೆ. ಅಷ್ಟರಲ್ಲಿ ಬೈಕು ಬಂತು. ಕಣ್ಣು ಒರೆಸಿಕೊಂಡೆ.

ಜುಲೈ 28, ಸೋಮವಾರ

ನಿದ್ದೆ ಬರುತ್ತಿದೆ ಮಾರಾಯರೆ! ಹಸಿವೂ. ವನಜಕ್ಕನ ಬುತ್ತಿಯ ಪತ್ರೊಡೆ ಅರ್ಧ ನನ್ನ ಹೊಟ್ಟೆಗೆ. "ಹೊಟ್ಟಿ ಒಳ್ಗ್ ಯಾರ್ ಕೂಕಂಡಿದ್ರ್ ಹೆಣೆ?" ಅಂದಳು.

ಗುಳಿಗೆಯ ಚೀಟಿ ನಿನ್ನೆ ಅವನ ಕೈಗೆ ಸಿಕ್ಕಿತು. ಹೊಡೆಯಲಿಲ್ಲ. ನಕ್ಕ. ಅದಕ್ಕೇ ಹೆದರಿಕೆ.

ಆಗಸ್ಟ್ 13, ಬುಧವಾರ. 12.45

ಬರೆಯಲೇಬೇಕು.

ನಿನ್ನೆ ಹೋದರೆ ನಿಶ್ಮಿತಾ ಮೇಡಂ ಇಲ್ಲ, ಹೆರಿಗೆ ರಜೆ. ಅವರ ಕುರ್ಚಿಯಲ್ಲಿ ಸುಧೀರ್ ಸರ್. ಒಳ್ಳೆಯವರೇ. ಅವರ ಒಳ್ಳೆತನಕ್ಕೆ ಬೆಂಕಿ ಬೀಳಲಿ. ಇಬ್ಬರನ್ನೂ ಎದುರು ಕೂರಿಸಿ, ಮೇಡಂ ಬರೆದ ಫೈಲು ಬಿಡಿಸಿ ಗಟ್ಟಿಯಾಗಿ ಓದಿದರು. "ನೋಡಿ ಭೋಜರಾಜ್, ಹೆಂಡತಿ ಹೀಗೆ ಹೇಳಿದ್ದಾರೆ. ಬೆಲ್ಟಂತೆ. ಮಾತ್ರೆಗೆ ಬೀಗವಂತೆ. ಗಂಡ ಹೆಂಡತಿ ಮಾತಾಡಿಕೊಳ್ಳಿ, ಹೊಂದಿಕೊಂಡು ಹೋಗಿ."

ಅವನು ಎದ್ದು ಕೈಮುಗಿದ. ಕಣ್ಣಲ್ಲಿ ನೀರು. "ಸರ್, ಅವ್ಳಿಗೆ ಮಂಡಿ ಸಮ ಇಲ್ಲೆ. ಗುಳ್ಗಿ ಕೊಟ್ಟದ್ ನೀವೇ ಅಲ್ದಾ? ಚೀಟಿ ಕಾಣಿ." ಕಿಸೆಯಿಂದ ತೆಗೆದ. ಮಡಚಿ ಇಟ್ಟುಕೊಂಡೇ ಬಂದಿದ್ದ!

ಸರ್ ಚೀಟಿ ನೋಡಿದರು. ನನ್ನನ್ನು ನೋಡಿದರು. "ಓಹೋ..." ಅಂದರು. ಫೈಲಿನಲ್ಲಿ ಏನೋ ಬರೆದರು. ತಲೆ ಸರಿಯಾಗಲೆಂದು ಕೊಟ್ಟ ಗುಳಿಗೆಯೇ ನನ್ನ ತಲೆ ಸರಿಯಿಲ್ಲವೆಂದು ಸಾಕ್ಷಿ ಹೇಳಿತು.

ನಿನ್ನೆ ದಾರಿಯಲ್ಲಿ ಒಂದು ಮಾತಿಲ್ಲ. ಮನೆಯಲ್ಲೂ ಇಲ್ಲ. ಇವತ್ತು ಸಂಜೆ ಆಗುವುದೇ ಬೇಡ.

ಸೆಪ್ಟೆಂಬರ್ 15, ಸೋಮವಾರ

ಒಂದು ತಿಂಗಳ ಮೇಲೆ ಫ್ಯಾಕ್ಟರಿ. ಎಡಗೈ ಮುರಿದಿತ್ತು. ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಮೇಸ್ತ್ರಿಗೆ ಹೇಳಿದ್ದೇನೆ. ಇಲ್ಲೂ ಸುಳ್ಳು ಬರೆಯಲಾ? ಬರೆಯುವುದಿಲ್ಲ. ಆಗಸ್ಟ್ 13, ಸಂಜೆ ಆರೂವರೆ. ಅರೆಯುವ ಕಲ್ಲಿನ ಹತ್ತಿರ. ಆಟೋದ ಜಾಕಿ ರಾಡ್. ಹೊಡೆದವನು ಭೋಜರಾಜ.

ಮನಸ್ಸಿನ ಗುಳಿಗೆ ಕೊಟ್ಟಿಗೆ ಗುಂಡಿಗೆ ಎಸೆದ. ಚೀಟಿ ಮಾತ್ರ ಜೋಪಾನ. ಆಟೋ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ತೋರಿಸಿಯಾಗಿದೆ. ಇನ್ನು ನಾನು ಮನೆಗೆ ಬೆಂಕಿ ಬಿತ್ತೆಂದು ಕೂಗಿದರೂ ಯಾರೂ ಬರುವುದಿಲ್ಲ.

ವನಜಕ್ಕನಿಗೆ ಓದಲು ಬರುವುದಿಲ್ಲ. "ಅದ್ರಗ್ ಎಂತ ಇತ್ತ್? ಓದ್ ಕಾಂಬ" ಅಂದಳು ನೋಟ್‌ಬುಕ್ ಕಡೆ ಕೈತೋರಿಸಿ. ಓದಿದೆ. ರೋಗದ ಹೆಸರು ಬಂದಲ್ಲೂ ನಿಲ್ಲಿಸಲಿಲ್ಲ. ಎದ್ದು ಹೋಗುತ್ತಾಳೆ ಅಂದುಕೊಂಡಿದ್ದೆ. ಹೋಗಲಿಲ್ಲ, ಬುತ್ತಿಯ ಮುಚ್ಚಳ ತೆಗೆದಳು. ಆಮೇಲೆ, "ಮಂಡಿ ಸಮ ಇಲ್ದಿದ್ದೋರ್ ತಾರೀಕ್ ಹಾಕಿ ಬರಿತ್ರಾ?" ಅಂದಳು. ತನ್ನ ಬುತ್ತಿಯನ್ನು ನನ್ನ ಕಡೆ ಸರಿಸಿದಳು. ಒಂದೇ ಬುತ್ತಿಯಲ್ಲಿ ಉಂಡೆವು.

ನವೆಂಬರ್ 12, ಬುಧವಾರ

ಡಿಸೆಂಬರ್ ಒಂದಕ್ಕೆ ಸೆಂಟರಿನಲ್ಲಿ ಏಡ್ಸ್ ದಿನದ ಕಾರ್ಯಕ್ರಮ. ಹೊರಗಿನವರಿಲ್ಲ. ನಮ್ಮಂಥವರು, ಸ್ಟಾಫು, ದೊಡ್ಡ ಡಾಕ್ಟರು. ಭೋಜರಾಜನಿಗೆ ಶಾಲು. ಆದರ್ಶ ಸಂಗಾತಿ! ನಾನು ಎರಡು ಮಾತಾಡಬೇಕಂತೆ. ಸುಧೀರ್ ಸರ್ ಬರೆದೇ ಕೊಟ್ಟಿದ್ದಾರೆ: 'ನನ್ನ ಪತಿಯೇ ನನ್ನ ಧೈರ್ಯ...' ಬಾಯಿಪಾಠ ಮಾಡಿಸುವವನು ಪತಿಯೇ. ತಪ್ಪಿದರೆ ಬೆಲ್ಟು.

ಹುಳುಕು ಬೀಜ ಹೊರಗಿನಿಂದ ಗೊತ್ತಾಗುವುದಿಲ್ಲ. ಒಡೆಯಬೇಕು.

ನವೆಂಬರ್ 29, ಶನಿವಾರ

ಇಷ್ಟು ಬರೆದು ನೋಟ್‌ಬುಕ್ ವನಜಕ್ಕನ ಚೀಲಕ್ಕೆ ಹಾಕುವುದು. "ಸೋಮಾರ ನಾನೂ ಬತ್ತೆ. ಮುಗ್ದ್ ಮೇಲೆ ನಮ್ಮನಿಗೇ ಹೋಪ. ನಿನ್ ಮಾತ್ರೆ ಇಡುಕ್ ನಮ್ಮನಿಯಗ್ ಜಾಗ ಇತ್ತ್" ಅಂದಳು. ಮಗಳು ಮದುವೆಯಾಗಿ ಹೋದ ಮೇಲೆ ಬೈಂದೂರಿನ ಮನೆಯಲ್ಲಿ ಒಬ್ಬಳೇ. ಎರಡು ಸೀರೆ ನಿನ್ನೆಯೇ ಅವಳ ಮನೆ ಸೇರಿವೆ. ಹೆದರಿಕೆಯಾಗುತ್ತಿದೆ.

ಡಿಸೆಂಬರ್ 1, ಸೋಮವಾರ. ಬೆಳಿಗ್ಗೆ 11.20

ಹಾಲಿನ ಹಿಂದಿನ ಸಾಲು. ಮಡಿಲಲ್ಲಿ ನೋಟ್‌ಬುಕ್. ಪಕ್ಕದಲ್ಲಿ ವನಜಕ್ಕ, ನನ್ನ ಅಕ್ಕ ಎಂದು ಸಿಸ್ಟರಿಗೆ ಹೇಳಿ ಒಳಗೆ ಬಂದಿದ್ದಾಳೆ. ಸರ್ ಬರೆದುಕೊಟ್ಟ ಕಾಗದದಲ್ಲಿ ಎಲೆಯಡಿಕೆ ಕಟ್ಟಿಕೊಂಡಿದ್ದಾಳೆ. ನಿಶ್ಮಿತಾ ಮೇಡಂ ಕೂಸನ್ನು ಎತ್ತಿಕೊಂಡು ಬಂದಿದ್ದಾರೆ. ನನ್ನ ಎಡಗೈ ನೋಡಿದರು. ಮುಖ ಬಾಡಿತು.

ಅವನು ವೇದಿಕೆ ಮೇಲೆ, ಇಸ್ತ್ರಿ ಅಂಗಿ. ಶಾಲು ಹೊದಿಸಿದರು. ಚಪ್ಪಾಳೆ. ನಾನೂ ತಟ್ಟಿದೆ. ಕೈ ಇನ್ನೂ ನೋಯುತ್ತದೆ.

ಯಾರೂ ಓದುವುದಿಲ್ಲ ಅಂದಿದ್ದರು ಮೇಡಂ. ಹಾಗಾದರೆ ನಾನೇ ಓದಬೇಕು. ಇವತ್ತು ಅವನನ್ನು ಝೆರಾಕ್ಸಿಗೆ ಕಳಿಸುವುದು ಬೇಡ. ಕೂತು ಕೇಳಲಿ, ಶಾಲು ಹೊದ್ದುಕೊಂಡು.

ಹೆಸರು ಕರೆದರು. ಎಲ್ಲಿಂದ ಶುರು ಮಾಡಲಿ... ಜೂನ್ 11? ಬೇಡ. ಆಗಸ್ಟ್ 13, ಸಂಜೆ ಆರೂವರೆ —